ದುಂಡು ಗೋಡೆಯ ಗೂಟಗಳು

ಕಟ್ಟಡದ ಆಕಾರವು ಅದರೊಳಗೆ ಮಾತಾಡುವ ಮನುಷ್ಯನ ಧ್ವನಿಯ ಹಣೆಬರಹವನ್ನು ನಿರ್ಧರಿಸುತ್ತದೆ. ಈ ಮಹಾಸತ್ಯ ನನಗೆ ಹೊಳೆದದ್ದು ಕಟ್ಟಡ ಮುಗಿದ ಮೇಲೆ.

ಆಗ ನಾನು ಚಳ್ಳಕೆರೆಯಲ್ಲಿ ಶಾಲಾ ಮೇಷ್ಟ್ರು. ನಮ್ಮ ನಾಟಕ ಮಂಡಳಿಗೊಂದು ನಾಟಕಶಾಲೆ ಬೇಕೆಂದಾಗ ನಕ್ಷೆಯ ಭಾರ ನನ್ನ ಮೇಲೆ ಬಿತ್ತು. ಮೈಸೂರಿನಲ್ಲಿ ಹಿಂಗೋಡೆ ಬಾಗಿದ ನಾಟಕಶಾಲೆಯೊಂದನ್ನು ನೋಡಿದ್ದೇ ನನ್ನ ಅರ್ಹತೆ. ಅದೂ ಹೊರಗಿನಿಂದ. ಪ್ರೇಕ್ಷಕರ ಬೆನ್ನಹಿಂದಿನ ಗೋಡೆ ಅರ್ಧಚಂದ್ರಾಕಾರವಾಗಿರಲಿ ಎಂದು ಅಪ್ಪಣೆ ಕೊಡಿಸಿದೆ.

ಮೊಳಕಾಲ್ಮೂರಿನಿಂದ ಬಂದ ಗೋಡೆ ಕೆಲಸದವನು ಅಲ್ಲಿಯವರೆಗೆ ದುಂಡಗೆ ಕಟ್ಟಿದ್ದೆಂದರೆ ಕುರಿ ಕೂಡುವ ರೊಪ್ಪ ಮಾತ್ರ. "ಸರೇ ಸಾಮಿ, ರೊಪ್ಪದಂಗೇ ತಿರುಗಿಸ್ತೀನಿ" ಎಂದು ಕಲ್ಲಿನಲ್ಲೇ ತಿರುಗಿಸಿದ. ರೊಪ್ಪದ ರೂಢಿಯಂತೆ ಗೋಡೆಯುದ್ದಕ್ಕೂ ಆಳೆತ್ತರದಲ್ಲಿ ಗೂಟಗಳನ್ನೂ ಹೊಡೆದ. ಕುರಿ ಕಾಯುವವರು ಕಂಬಳಿ ನೇತುಹಾಕಬೇಡವೇ?

"ನಾಟಕಶಾಲೆಗೆ ಗೂಟ ಯಾಕಯ್ಯಾ?"

"ಗೂಟ ಇಲ್ದಿದ್ರೆ ಅದೂ ಒಂದು ಗೋಡೇನಾ ಸಾಮಿ?" ಎಂದು ನನ್ನನ್ನು ಕನಿಕರದಿಂದ ನೋಡಿದ.

ಮೊದಲ ತಾಲೀಮಿಗೆ ಮಂಡಳಿಯ ಅಧ್ಯಕ್ಷರಾದ ಗೌಡರು ನಡುಮಧ್ಯದ ಕುರ್ಚಿಯಲ್ಲಿ ವಿರಾಜಮಾನರಾದರು. ರಾಜ ಒಂದು ಸಲ ಗರ್ಜಿಸಿದರೆ ಗೋಡೆ ಇನ್ನೆರಡು ಸಲ ಗರ್ಜಿಸಿತು. ಎರಡೂ ಬದಿಗಳಲ್ಲಿ ಕೂತವರಿಗೆ ಬರೀ ಗೊಳಗೊಳ. ಗೌಡರ ಕುರ್ಚಿಗೆ ಮಾತ್ರ, ಪರದೆಯ ಮರೆಯಲ್ಲಿ ನಟರಿಗೆ ಮಾತು ಎತ್ತಿಕೊಡುವವನ ಪಿಸುಮಾತೂ ಬಾಗಿದ ಗೋಡೆಯಿಂದ ತಿರುಗಿ ನೇರ ಕಿವಿಗೇ ಬಂತು.

"ಮೇಷ್ಟ್ರೇ, ರಾಜ ಏನಂತಾನೆ ಅಂತ ರಾಜನಿಗಿಂತ ಮೊದ್ಲು ನನಗೇ ಗೊತ್ತಾಗ್ತೈತಲ್ರೀ!"

ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. "ಭಾನುವಾರ ಮಧ್ಯಾಹ್ನ ಊರೆಲ್ಲ ಕೂತು ಕೇಳ್ಲಿ. ಕೇಳಿಸ್ಲಿಲ್ಲ ಅಂದ್ರೆ ಸೋಮವಾರ ಗೋಡೆ ಕೆಡವೋದು. ಮೊದಲ ಕಲ್ಲು ನೀವೇ ಕೀಳ್ಬೇಕು, ನಿಮ್ಮ ಹುಡುಗರ ಮುಂದೆ."

ಚಿಂತೆಯಿಂದ ನನಗೆ ಊಟ ಸೇರಲಿಲ್ಲ. ದಿನಕ್ಕೆ ಎರಡೇ ಹೊತ್ತು ಉಂಡೆ.

ಭಾನುವಾರ ಊರು ಸೇರಿತು. ದೇವಸಮುದ್ರದ ಕಡೆಯಿಂದ ಮಂದೆ ಹೊಡೆದುಕೊಂಡು ಬಂದಿದ್ದ ಕುರಿಗಾರರೂ ನಾಟಕವೆಂದು ಕೇಳಿ ನುಗ್ಗಿದರು. ಬಿಸಿಲಿನ ಧಗೆ, ನೆಲಕ್ಕೆ ಹೇಗೂ ಚಾಪೆಯಿತ್ತು. ಗೂಟ ಕಂಡ ಕೈ ಸುಮ್ಮನಿದ್ದೀತೆ? ಒಬ್ಬೊಬ್ಬರೂ ಹೆಗಲ ಕಂಬಳಿ ತೆಗೆದು ಗೂಟಕ್ಕೆ ಹಾಕಿ ಕೂತರು. ನನ್ನ ಅರ್ಧಚಂದ್ರಕ್ಕೆ ಈ ತುದಿಯಿಂದ ಆ ತುದಿಗೆ ಗ್ರಹಣ ಹಿಡಿಯಿತು. ಇಷ್ಟರ ಮೇಲೆ ಕುರಿವಾಸನೆ ಬೇರೆ, ನನ್ನ ಕಥೆ ಮುಗಿಯಿತೆಂದುಕೊಂಡೆ.

ರಾಜ ಗರ್ಜಿಸಿದ. ಒಂದೇ ಸಲ ಕೇಳಿಸಿತು.

ಮೂಲೆಯ ಮುದುಕಿಯೊಬ್ಬಳು, "ಅಯ್ಯ, ಹೆಂಡ್ತೀನ ಬೈತಾನಲ್ಲವ್ವಾ ಇವ್ನು!" ಎಂದು ನೊಂದುಕೊಂಡಳು. ಅಷ್ಟು ಸಿಹಿಯಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗೌಡರು ಕುರ್ಚಿಯಲ್ಲೇ ಅತ್ತಿತ್ತ ವಾಲಿ ಕಿವಿಗೊಟ್ಟರು.

"ಮಾತು ಎತ್ತಿಕೊಡೋನು ಇವತ್ತು ಬಂದಿಲ್ವೇನ್ರಿ?"

"ಬಂದಾನ್ರಿ. ಎತ್ತಿಕೊಡ್ತಾನೇ ಅವ್ನೆ" ಎಂದ ಮಂಡಳಿಯವನೊಬ್ಬ.

ಎದೆಯ ಮೇಲಿನ ಕಲ್ಲು ಇಳಿಯಿತು, ಗೋಡೆಯ ಕಲ್ಲು ಉಳಿಯಿತು. ಮಾರ್ದನಿಯನ್ನು ನುಂಗಿದ್ದು ಕಂಬಳಿಯೇ ಹೌದೋ ಅಲ್ಲವೋ ಎಂದು ಅವನ್ನು ಒಮ್ಮೆ ತೆಗೆಸಿ ಪರೀಕ್ಷಿಸುವ ಶಾಸ್ತ್ರೀಯ ಆಸೆಯೊಂದು ಬಂತು, ಬಂದಷ್ಟೇ ಬೇಗ ಹೋಯಿತು.

ಸೋಮವಾರ ಗೋಡೆ ಕೆಡವಲಿಲ್ಲ. ಮಂಡಳಿಯವರು ಕಂಬಳಿ ತರಿಸಿ ಎಲ್ಲ ಗೂಟಗಳಿಗೂ ನೇತುಹಾಕಿದರು.