ಆಸ್ಪತ್ರೆಯಲ್ಲಿ ಅವ್ವ ಎದ್ದು ನಿಂತ ಬೆಳಗ್ಗೆ

ಒರೆಸಿದ ನೆಲ ಒಣಗದೆ ಅವ್ವನ ಕಾಲು ಜಾರಬಹುದಿತ್ತು. ಡ್ರಿಪ್ಸ್ ಕೊಳವೆ ಸೀರೆಯ ನೆರಿಗೆಗೆ ಸಿಕ್ಕಿಕೊಳ್ಳಬಹುದಿತ್ತು. ಪೊರೆ ಬಂದ ಕಣ್ಣಿಗೆ ಬಚ್ಚಲಿನ ಹೊಸ್ತಿಲು ಕಾಣದೆ ಹೋಗಬಹುದಿತ್ತು. ಮಂಚದ ಚಕ್ರಕ್ಕೆ ಬ್ರೇಕ್ ಹಾಕಲು ಯಾರಾದರೂ ಮರೆತಿರಬಹುದಿತ್ತು. ಹಾಕಿದ್ದಾರೋ ಇಲ್ಲವೋ ಎಂದು ಒದ್ದು ನೋಡಿ ನಾನೇ ಅದನ್ನು ಸಡಿಲಿಸಿರಬಹುದಿತ್ತು. ನಾನು ತಂದ ಹೊಸ ಚಪ್ಪಲಿಯಂತೂ ಒಂದು ನಂಬರ್ ದೊಡ್ಡದು. ಐವತ್ತೆರಡರ ನನಗೆ ಚಿಂತೆ ಮಾಡುವುದರಲ್ಲಿ ಇರುವಷ್ಟು ಅನುಭವ ಬೇರೆ ಯಾವುದರಲ್ಲೂ ಇಲ್ಲ.

ಆದರೂ ನಿಜವಾದ ಕಾರಣ ಹೊಳೆದಿರಲಿಲ್ಲ. ಜ್ವರವೆಂದು ಜಾವಗಲ್ಲಿನಿಂದ ಕರೆತಂದು ಅರಸೀಕೆರೆಯ ಆಸ್ಪತ್ರೆಗೆ ಸೇರಿಸಿದ್ದ ಎಂಬತ್ತರ ಅವ್ವ, ಎರಡು ದಿನವೂ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ವಾಲಿದ್ದಳು. ಎರಡು ಸಲವೂ ಸಿಸ್ಟರ್ ಹಿಡಿದುಕೊಂಡಿದ್ದರು. ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ನಡೆಯುವುದು ಕಷ್ಟ ಎಂದಿದ್ದರು ಡಾಕ್ಟರು.

ಮೂರನೆಯ ದಿನ ಸಿಸ್ಟರ್ ಮಂಚದ ಪಕ್ಕ ಕೂತು ಕೇಳಿದರು: "ಅಜ್ಜಿ, ಆರು ಗಂಟೆಗೆ ಬಿಪಿ ಮಾತ್ರೆ ನುಂಗ್ತೀರಲ್ಲ, ಆಮೇಲೆ ಏನ್ ತಿಂತೀರಾ?"

"ಲಿಂಗಪೂಜೆ ಆಗ್ದೆ ತಿನ್ನೋದೆಂಗವ್ವ? ಸ್ನಾನ ಆಗ್ದೆ ಪೂಜೆ ಎಂಗವ್ವ?"

ಸಿಸ್ಟರ್ ನನ್ನ ಕಡೆ ತಿರುಗಿ ತಲೆ ಸುತ್ತಿದ್ದಕ್ಕೆ ಕಾರಣ ಹೇಳಿದರು: ಬರಿಹೊಟ್ಟೆಗೆ ಮಾತ್ರೆ, ಜ್ವರಕ್ಕೆ ಸೊರಗಿದ ಕಾಲು, ಸ್ನಾನಕ್ಕೆಂದು ದಡಕ್ಕನೆ ಏಳುವುದು. ಚಪ್ಪಲಿಯ ಸುದ್ದಿಯನ್ನೇ ಅವರು ಎತ್ತಲಿಲ್ಲ.

"ನಾಳೆ ಇಲ್ಲೇ ಬಿಸಿನೀರಲ್ಲಿ ಮೈ ಒರೆಸ್ತೀನಿ. ಇಲ್ಲೇ ಪೂಜೆ ಮಾಡ್ಕೊಂಡು ತಿಂಡಿ ತಿನ್ನಿ. ಮಾತ್ರೆ ಆಮೇಲೆ. ಡಾಕ್ಟರ್ ಹತ್ರ ನಾನು ಮಾತಾಡ್ತೀನಿ."

"ಮಂಚದ್ ಮೇಲೆ ಪೂಜೆನಾ?"

"ಲಿಂಗ ಮೂರು ದಿನದಿಂದ ನಿಮ್ಮ ಎದೆ ಮೇಲೆ, ಇದೇ ಮಂಚದಲ್ಲೇ ಮಲಗೈತಲ್ಲಜ್ಜಿ?"

ಅವ್ವ ನಕ್ಕುಬಿಟ್ಟಳು. "ಬಲೇ ಜಾಣೆ ಕಣವ್ವ ನೀನು!"

ಡಾಕ್ಟರೂ ಒಪ್ಪಿದರು. ಮಾರನೆಯ ಬೆಳಗ್ಗೆ ಮಂಚದ ಮೇಲೇ ಪೂಜೆ ಮುಗಿಸಿದ ಅವ್ವ ವಿಭೂತಿ ಗಟ್ಟಿಯನ್ನು ಎತ್ತಿಡಲು ನನ್ನ ಕೈಗೆ ಕೊಟ್ಟಳು. ಉಪ್ಪಿಟ್ಟು ತಿಂದಳು, ಮಾತ್ರೆ ನುಂಗಿದಳು. ಸಿಸ್ಟರ್ ಹೇಳಿದಂತೆ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದಳು.

ತಲೆಯ ಮೇಲೆ ತೆಂಗಿನಕಾಯಿ ಹೊತ್ತು ನಡೆದವಳನ್ನು ನಾನು ಎಷ್ಟು ಸಲ ಕಂಡಿಲ್ಲ. ಆದರೆ ಅವಳು ನಿಲ್ಲುವುದನ್ನು ಅಂದೇ ಮೊದಲು ನೋಡಿದ್ದು. ಕಾಲ್ಬೆರಳು ನೆಲವನ್ನು ತಡವಿದವು. ಹಿಮ್ಮಡಿ ಊರಿತು. ಮಂಡಿ ನಡುಗಿ, ನಡುಕ ನಿಂತು, ಬಾಗಿದ ಬೆನ್ನು ಗೇಣು ಗೇಣಾಗಿ ಮೇಲೆ ಬಂತು. ಬೇಲೂರಿನ ಗುಡಿಯ ಅಂಗಳದಲ್ಲಿ ನೆಲದೊಳಗೆ ಹೂಳದೆ ತನ್ನ ಭಾರದಿಂದಲೇ ನಿಂತಿರುವ ಕಂಬವೊಂದಿದೆ. ಚಿಕ್ಕವನಿದ್ದಾಗ ಅದು ನನ್ನ ಮೇಲೆ ಬಿದ್ದೀತೆಂದು ಅವ್ವನ ಸೆರಗಿನ ಹಿಂದೆ ಅಡಗಿದ್ದೆ. ಈಗ ಆ ಸೆರಗೇ ಎದುರು ಎದ್ದು ನಿಂತಿತ್ತು, ಯಾವ ಆಸರೆಯೂ ಇಲ್ಲದೆ.

"ಉಸಿರು ಬಿಡ್ಲಾ ಮಗ, ನಾನೇನ್ ಬೀಳಾಕಿಲ್ಲ," ಎಂದು ಅವ್ವ ಸಿಸ್ಟರ್ ಜೊತೆ ಬಾಗಿಲವರೆಗೆ ಹೋಗಿ, ತಿರುಗಿ, ಬಂದು ಕೂತಳು.

ಬಿದ್ದದ್ದು ನನ್ನ ಕೈಯಲ್ಲಿದ್ದ ವಿಭೂತಿ ಗಟ್ಟಿ. ಎರಡು ಹೋಳಾಯಿತು.