ದಿಯೊಲಿಂಡಾಳ ನೀಲಿ ಹೈಡ್ರೇಂಜಿಯ

ದಿಯೊಲಿಂಡಾಳನ್ನು ನಾನು ಮೊದಲು ನೋಡಿದ್ದು ಅವಳ ಕೈಯಿಂದ ಏಟು ತಿಂದ ದಿನ. ನಾನು ಮದುವೆಯಾಗಿ ಮೀನುಗಾರರ ಊರಾದ ಪ್ರಾವಿನ್ಸ್‌ಟೌನಿಗೆ ಬಂದ ಹೊಸತು, ಮಾರ್ಚ್ ತಿಂಗಳು. ಪಕ್ಕದ ಮನೆಯ ಬೇಲಿಯಾಚೆಯಿಂದ ಒಣಕಡ್ಡಿಗಳ ಪೊದೆಯೊಂದು ಬಾಗಿ ನಾನು ಹರವಿದ ಬಟ್ಟೆಗೆ ತಾಗುತ್ತಿತ್ತು. ಒಂದು ಕಡ್ಡಿ ಮುರಿಯಲು ಕೈ ಹಾಕಿದೆ. ಬೆರಳ ಮೇಲೆ ಮರದ ಸೌಟು ಬಿತ್ತು.

“ಕೈ ತೆಗಿಯೇ! ಅದು ಸತ್ತಿಲ್ಲ, ನಿದ್ದೆ ಮಾಡ್ತಿದೆ.”

“ಒಂದು ಎಲೆನೂ ಇಲ್ವಲ್ಲ?”

“ನಿನ್ನ ಗಂಡನೂ ಬೆಳಿಗ್ಗೆ ಹೀಗೇ ಬಿದ್ದಿರ್ತಾನೆ. ಅವನನ್ನೂ ಮುರಿದು ಒಲೆಗೆ ಹಾಕ್ತೀಯಾ?”

ಆಮೇಲೆ ಕಡ್ಡಿಯ ತುದಿ ತೋರಿಸಿದಳು. ಗೋಧಿಕಾಳಿನಂಥ ಮೊಗ್ಗು. ಈ ವರ್ಷದ ಹೂವು ಹೋದ ವರ್ಷದ ಕಡ್ಡಿಯಲ್ಲೇ ಕೂತಿರುತ್ತದೆ, ಕಡ್ಡಿ ಹೋದರೆ ಹೂವೂ ಹೋಯಿತು ಎಂದಳು. ಕಡಲಾಚೆಯ ಫಯಾಲ್ ದ್ವೀಪದಲ್ಲಿ ಅವಳ ತವರು ಬೆಂಕಿಬೆಟ್ಟದ ಬೂದಿಯಡಿ ಹೂತುಹೋದಾಗ, ಉಳಿದ ಬೇಲಿಯಿಂದ ಒಂದು ತುಂಡು ಕೊಯ್ದು ಆಲೂಗಡ್ಡೆಗೆ ಚುಚ್ಚಿ ಒದ್ದೆ ಬಟ್ಟೆ ಸುತ್ತಿ ತಂದಿದ್ದಳಂತೆ. ಆ ಹೈಡ್ರೇಂಜಿಯ ಪೊದೆ ಅದೇ.

ಅವಳ ಮಗುವಿಗೆ ಜ್ಞಾನಸ್ನಾನದಲ್ಲಿ ನಾನೇ ಧರ್ಮತಾಯಿಯಾಗಿ ನಿಂತೆ. ಅಂದಿನಿಂದ ನಾನವಳಿಗೆ ಕೊಮಾದ್ರೆ, ಅವಳು ನನಗೆ ಕೊಮಾದ್ರೆ, ಅಂದರೆ ಒಂದೇ ಮಗುವಿನ ಇಬ್ಬರು ತಾಯಂದಿರು. ಒಂದು ನವೆಂಬರಿನಲ್ಲಿ ಅವಳ ಗಂಡ ಊರ್ಬಾನೊ ಮೀನು ಹಿಡಿಯಲು ಹೋದ ದೋಣಿ ತಿರುಗಿ ಬರಲಿಲ್ಲ. ಹೂಳಲು ಹೆಣ ಸಿಗಲಿಲ್ಲ. ಜೂನ್ ಕೊನೆಯ ಭಾನುವಾರ ಬಿಷಪ್ಪರು ದೋಣಿಗಳಿಗೆಲ್ಲ ತೀರ್ಥ ಚಿಮುಕಿಸುತ್ತಾರೆ. ಉಳಿದ ವಿಧವೆಯರು ಅಂಗಡಿಯ ಹೂಹಾರ ಸಮುದ್ರಕ್ಕೆ ಬಿಡುವಾಗ, ಇವಳು ಬಂದರು ಕಟ್ಟೆಯ ತುದಿಗೆ ಹೋಗಿ ತನ್ನ ಪೊದೆಯ ಒಂದು ನೀಲಿ ಗೊಂಚಲು ಬಿಡುತ್ತಿದ್ದಳು. ಒಂದು ವರ್ಷವೂ ತಪ್ಪಿಸಲಿಲ್ಲ. ಚಳಿಗಾಲಕ್ಕೆ ಪೊದೆಗೆ ಗೋಣಿ ಸುತ್ತಿ ಒಳಗೆ ಓಕ್ ಎಲೆ ತುಂಬುವಳು. ಮೇ ತಿಂಗಳಲ್ಲಿ ಇಬ್ಬನಿ ಗಡ್ಡೆಕಟ್ಟುವ ಸೂಚನೆ ಕಂಡರೆ ಹಾಸಿಗೆಯ ಬೆಡ್‌ಶೀಟನ್ನೇ ಅದಕ್ಕೆ ಹೊದಿಸಿ ತಾನು ಬರಿ ಹಾಸಿಗೆಯಲ್ಲಿ ಮಲಗುವಳು.

ಹೋದ ಮೇ ತಿಂಗಳಲ್ಲಿ ಅವಳ ಸೆಪ್ಟಿಕ್ ಟ್ಯಾಂಕು ಒಡೆಯಿತು. ಅಷ್ಟರಲ್ಲಿ ಅವಳ ಹೃದಯ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ತುಟಿ ಕಪ್ಪಾಗುತ್ತಿತ್ತು. ಹೊಸ ಟ್ಯಾಂಕಿಗೆ ಇದ್ದ ಜಾಗ ಒಂದೇ, ಪೊದೆಯ ಬುಡ. ಅಗೆಯುವ ಯಂತ್ರ ತಂದ ಆರ್ಸೆನಿಯೊ ಅಂಗಳದಲ್ಲಿ ನಿಂತ.

“ಅಮ್ಮಾ, ಎಲೆ ಬಿಟ್ಟಾಗಿದೆ. ಈಗ ಕಿತ್ತರೆ ಅರ್ಧ ಬೇರು ಮಣ್ಣಲ್ಲೇ ಉಳಿಯುತ್ತೆ. ಮಂಡಿ ಮಟ್ಟಕ್ಕೆ ಎಲ್ಲಾ ಕತ್ತರಿಸಿ, ಬದುಕುತ್ತೆ. ಹಾಗೇ ಇಟ್ರೆ ಸಂಜೆಗೇ ಬಾಡಿ ಸಾಯುತ್ತೆ.”

“ಕತ್ತರಿಸಿದ್ರೆ ಜೂನ್‌ಗೆ ಹೂವು?”

“ಬರೋ ವರ್ಷ ಬರುತ್ತೆ.”

“ಬರೋ ವರ್ಷ ನೀನು ಬರ್ತೀಯ, ಹೂವು ಬರುತ್ತೆ. ನಾನು?”

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಯಂತ್ರ ಗುಡುಗುಡು ಎನ್ನುತ್ತಲೇ ಇತ್ತು. ಮನೆಯೊಳಗೆ ಕೊಳಚೆ ನೀರು ನೆಲಕ್ಕೆ ಏರುತ್ತಿತ್ತು. ಕಾಯಲು ಆಗುವಂತಿರಲಿಲ್ಲ.

“ಕೊಮಾದ್ರೆ, ನನ್ನ ಕುರ್ಚಿ ತಗೊಂಡು ಬಾ. ಕತ್ತರಿನೂ.”

ಕುರ್ಚಿಯಲ್ಲಿ ಕೂತೇ ಒಂದೊಂದು ಕಡ್ಡಿಯ ತುದಿಯನ್ನೂ ಎರಡು ಬೆರಳಲ್ಲಿ ಒತ್ತಿ ನೋಡಿದಳು. ಉಸಿರು ಸಿಳ್ಳೆ ಹಾಕುತ್ತಿತ್ತು. “ಇದು ತೆಗಿ. ಇದು ತೆಗಿ. ಇದು ಬಿಡು.” ನಾನು ಕತ್ತರಿಸುತ್ತ ಹೋದೆ. ಎರಡೇ ಕಡ್ಡಿ ಉಳಿಸಿದಳು. ಬುಡವನ್ನು ಹಳೆ ಗೋಣಿಯಲ್ಲಿ ಕಟ್ಟಿದೆವು. ಆರ್ಸೆನಿಯೊ ಮೊಟ್ಟೆ ಎತ್ತುವಷ್ಟು ಮೆಲ್ಲಗೆ ಎತ್ತಿ, ನನ್ನ ಬೇಲಿಯ ಈಚೆ, ಮಧ್ಯಾಹ್ನದ ನೆರಳಿಗೆ ಇಳಿಸಿದ.

ಮರುದಿನ ಎರಡೂ ಕಡ್ಡಿ ತಲೆ ಬಗ್ಗಿಸಿದವು. ನಾನು ಒದ್ದೆ ಬೆಡ್‌ಶೀಟು ಕಟ್ಟಿ ನೆರಳು ಮಾಡಿದೆ, ಬುಡಕ್ಕೆ ನಿಧಾನವಾಗಿ ನೀರು ಇಳಿಸಿದೆ. ಒಂದು ಕಡ್ಡಿ ಕಪ್ಪಾಗಿ ಉದುರಿತು. ಇನ್ನೊಂದು ಎದ್ದು ನಿಂತಿತು. ಅದರ ತುದಿಯಲ್ಲಿ ಹಸಿರು ಗಂಟೊಂದು ಬಂತು. ಅವಳು ಆಗಲೇ ಹಾಸಿಗೆ ಹಿಡಿದಿದ್ದಳು. ದಿನಾ ನಾನು ಬಾಗಿಲಲ್ಲಿ ಕಾಲಿಡುವ ಮೊದಲೇ ಕೂಗುವಳು: “ಎಷ್ಟಾಯ್ತು?”

“ಗುಂಡಿಯಷ್ಟು.”

“ಅಂಗಿಯದೋ, ಕೋಟಿನದೋ?”

“ಕೋಟಿಂದೇ.”

“ಸುಳ್ಳು ಹೇಳಿದ್ರೆ ಸೌಟು ಇಲ್ಲೇ ಇದೆ.”

ಜೂನ್ ಕೊನೆಯ ಆ ಭಾನುವಾರ ಬೆಳಗಾದಾಗ ಗೊಂಚಲು ನಡುವೆ ಇನ್ನೂ ಹಸಿರು, ಅಂಚಿನಲ್ಲಿ ಮಾತ್ರ ನೀಲಿ ಇಳಿದಿತ್ತು. ಚರ್ಚಿನ ಗಂಟೆ ಶುರುವಾಯಿತು. ಅರ್ಧ ಅರಳಿದ್ದನ್ನು ಕೊಯ್ಯಲು ನನ್ನ ಕೈ ಏಳಲಿಲ್ಲ. ಅವಳನ್ನೇ ಕೇಳೋಣವೆಂದು ಒಳಗೆ ಹೋದೆ. ಕತ್ತರಿ ನನ್ನ ಕೈಯಲ್ಲೇ ಇತ್ತು. ಅವಳು ಕತ್ತರಿಯನ್ನು ನೋಡಿದಳು.

“ನೀಲಿ ಬಂದಿದೆಯಲ್ಲ?”

“ಅಂಚಿಗೆ ಬಂದಿದೆ.”

“ಸಾಕು. ಊರ್ಬಾನೊಗೆ ಗೊತ್ತಾಗುತ್ತೆ. ತಗೊಂಡು ಹೋಗು.”

ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದಳು. ಉಸಿರು ಸಾಲದೆ, ಬೆರಳಿಂದಲೇ ನಿಲ್ಲು ಎಂದು ತೋರಿಸಿದಳು. ಕಾದೆ.

“ಕೊಮಾದ್ರೆ,” ಎಂದಳು, “ಕೆಳಗಿರೋ ಜೋಡಿ ಮೊಗ್ಗು ಬರೋ ವರ್ಷಕ್ಕೆ ಬಿಟ್ಟು, ಅದರ ಮೇಲೆ ತಾನೆ ಕತ್ತರಿಸ್ತೀಯ?”