ನನ್ನ ಫೋನಿನ ಹಸಿರು ಗುರುತುಗಳು

ಮಾರ್ಚ್ ಮೂರು, ಮಂಗಳವಾರ, ಬೆಳಿಗ್ಗೆ ಆರು ಇಪ್ಪತ್ತು. ಇಳಕಲ್ಲಿನ ನಮ್ಮ ಮಾಳಿಗೆಯ ಮೇಲೆ ಕೂತು ಫೋನಿಗೆ ಮೊದಲ ಸಲ ಅರಬ್ಬಿ ಓದಿ ಹೇಳಿದ್ದು ಆವತ್ತು. ನಾನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಬಿಲ್ ಬರೆಯುತ್ತೇನೆ. ಅರಬ್ ದೇಶದ ಗಿರಾಕಿಗಳೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡಲು ಒಬ್ಬರು ಬೇಕು, ಚೆನ್ನಾಗಿ ಕಲಿತವರಿಗೆ ಆ ಕುರ್ಚಿ ಎಂದು ಮಾಲೀಕರು ಹೇಳಿದ್ದರು. ಕಲಿಯಲು ಹೊರಟವರು ಇಬ್ಬರೇ: ನಾನು, ಮತ್ತು ಹುನಗುಂದದಿಂದ ದಿನಾ ಬಸ್ಸಿಗೆ ಬರುವ ಪಕ್ಕದ ಮೇಜಿನ ಅಕ್ಕ.

ಅಕ್ಷರಗಳು ಕಷ್ಟವಾಗಲಿಲ್ಲ. ಗಂಟಲಾಳದಿಂದ ಬರಬೇಕಾದ ಹಕಾರವೊಂದಿದೆ. ಅದು ನನ್ನ ಬಾಯಲ್ಲಿ ಪ್ರತಿ ಸಲ ಸಾದಾ ಹಕಾರವಾಗುತ್ತಿತ್ತು. ಅವರು ಕಲ್ಲಿಗೆ ಹೇಳುವ ಮಾತೂ ಅದರಿಂದಲೇ ಶುರುವಾಗುತ್ತದೆ. ಫೋನಿನಲ್ಲಿ ಹಾಕಿಕೊಂಡ ಭಾಷೆ ಕಲಿಸುವ ಆ್ಯಪ್ ನಾನು ಓದಿದ್ದನ್ನು ಕೇಳಿ ಸರಿಗೆ ಹಸಿರು, ತಪ್ಪಿಗೆ ಕೆಂಪು ಗುರುತು ತೋರಿಸುತ್ತಿತ್ತು. ದಿನದ ಕೆಂಪುಗಳನ್ನು ಡೈರಿಯಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಮೂರನೆಯ ವಾರವೂ ಗೀಟು ಕಡಿಮೆಯಾಗದಿದ್ದಾಗ ಊಟದ ಹೊತ್ತಿನಲ್ಲಿ ಅತ್ತುಬಿಟ್ಟೆ.

“ಎಂಥಾ ಹುಚ್ಚಿ ಅದೀ, ಫೋನಿಗೆ ಹೆದರಿ ಅಳೂದೇನ? ತಾ ಇಲ್ಲೆ,” ಎಂದು ಅಕ್ಕ ಅದನ್ನು ಇಸಿದುಕೊಂಡಳು. ಏನೇನೋ ಒತ್ತಿ ವಾಪಸು ಕೊಟ್ಟು, ತನ್ನ ಡಬ್ಬಿಯ ಶೇಂಗಾ ಹೋಳಿಗೆ ಮುರಿದು ಅರ್ಧ ನನಗಿಟ್ಟಳು. “ಆ್ಯಪ್ ಹಳೇದಾಗಿತ್ತು, ಹೊಸದ ಮಾಡೇನಿ. ಇನ್ನ ಛಲೋ ನಡೀತದ.”

ನಡೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೂ ಗೀಟಿಲ್ಲದ ದಿನಗಳು ಬಂದವು. ಬಾದಾಮಿಯ ಸೋದರಮಾವನ ಮನೆಯಲ್ಲಿ ಎಲ್ಲರ ಮುಂದೆ ಓದಿ ತೋರಿಸಿದೆ.

ಕಳೆದ ತಿಂಗಳು ಮಾಲೀಕರು ನಮ್ಮಿಬ್ಬರನ್ನೂ ಗಿರಾಕಿಯ ಕರೆಯ ಮುಂದೆ ಕೂರಿಸಿದರು. ನನ್ನದು ಮೊದಲು. ಆತ ಸಭ್ಯ ಮನುಷ್ಯ. ಕಲ್ಲಿನ ಆ ಮಾತನ್ನೇ ಮತ್ತೆ ಮತ್ತೆ ಹೇಳಿಸಿ, ಕೊನೆಗೆ ನಕ್ಕು ಸುಮ್ಮನಾದ. ಅಕ್ಕ ಅದೇ ಮಾತು ಹೇಳಿದಳು. ಯಾವ ಅಳತೆಯ ಚಪ್ಪಡಿ ಎಂದು ಆತ ತಕ್ಷಣ ಕೇಳಿದ.

ಸಂಜೆ ಆ್ಯಪಿನ ಸೆಟ್ಟಿಂಗ್ ತೆರೆದೆ. ತಪ್ಪು ಹಿಡಿಯುವ ಮಟ್ಟ ‘ಸಡಿಲ’ದಲ್ಲಿ ಇತ್ತು. ‘ಬಿಗಿ’ ಮಾಡಿ ಮೊದಲ ಪಾಠ ಓದಿದೆ. ಪೂರ್ತಿ ಕೆಂಪು.

“ಇದನ್ನ ನೀನ ಮಾಡಿದ್ದೇನ ಅಕ್ಕಾ?” ಮರುದಿನ ಕೇಳಿದೆ.

“ಹೂಂ. ದಿನಾ ಅಳ್ತಿದ್ದಿ. ಬಿಟ್ಟ ಬಿಡ್ತಿ ಅಂತ ಸಡಿಲ ಇಟ್ಟೆ.”

“ನಿನ್ನ ಫೋನಿನ್ಯಾಗ?”

ಅವಳು ಕಿಟಕಿಯಾಚೆ ಲಾರಿಗೆ ಕಲ್ಲು ಏರಿಸುವುದನ್ನು ನೋಡಿದಳು. “ನನ್ನದ್ರಾಗ ಬಿಗೀನ ಇತ್ತು. ನಿನಗ ಹೇಳಬೇಕಂತ ಮಾಡಿದ್ದೆ, ಆದ್ರ ನೀ ಡೈರಿ ತೋರಿಸಿ ಅಷ್ಟ ಖುಷಿ ಪಡ್ತಿದ್ದಿ...”

“ಮತ್ತ ಕುರ್ಚೀನೂ ಒಂದ ಇತ್ತಲ್ಲ,” ಎಂದೆ. ಈಗ ಆ ಕುರ್ಚಿಯಲ್ಲಿ ಅವಳೇ ಕೂರುತ್ತಾಳೆ. ನಾವು ಊಟಕ್ಕೆ ಜೊತೆಗೆ ಕೂರುವುದಿಲ್ಲ.

ನಾನೀಗ ಫೋನಿನ ಸಾದಾ ರೆಕಾರ್ಡರ್ ಬಳಸುತ್ತೇನೆ. ಅರಬರೊಬ್ಬರ ದನಿ ಮೊದಲು, ಅದರ ಬೆನ್ನಿಗೇ ನನ್ನದು. ಅದು ಯಾವ ಬಣ್ಣವನ್ನೂ ತೋರಿಸುವುದಿಲ್ಲ; ವ್ಯತ್ಯಾಸ ನನಗೇ ಕೇಳುತ್ತದೆ. ಆದರೆ ತಿಂಗಳುಗಟ್ಟಲೆ ಹಸಿರು ಕಂಡ ನಾಲಿಗೆ ಹಳೆಯ ಜಾಗಕ್ಕೇ ಓಡುತ್ತದೆ. ಮನೆಯಲ್ಲಿ ಸೀರೆ ನೇಯುವ ಅವ್ವ ಮಗ್ಗದಲ್ಲಿ ತಪ್ಪು ಕಂಡರೆ ಅಲ್ಲಿಯವರೆಗೂ ಎಳೆ ಬಿಚ್ಚುತ್ತಾಳೆ. ನನ್ನ ರೆಕಾರ್ಡಿಂಗ್ ಕೇಳಿ ಅವಳಂದಳು: “ಸೀರಿ ಆದ್ರ ಬಿಚ್ಚಬಹುದವ್ವಾ. ಹೊಗಳಿಸಿಕೊಂಡ ಕಲ್ತದ್ದನ್ನ ಹೆಂಗ ಬಿಚ್ಚತಿ?”

ನನಗೆ ಗೊತ್ತಿಲ್ಲ. ಹೀಗೆ ಗಟ್ಟಿಯಾದ ತಪ್ಪನ್ನು ಯಾರಾದರೂ ತಿದ್ದಿಕೊಂಡಿದ್ದರೆ, ಹೇಗೆಂದು ನನಗೆ ಬರೆಯಿರಿ. ನಾನು ಅಳುತ್ತೇನೆಂದು ಸಡಿಲ ಮಾಡಬೇಡಿ.